ಬೆಚ್ಚಗಿನ ಕೋಣೆಯಲ್ಲಿ ಲಾಗರ್: ತಂಪು ಬೇಕಾಗುವುದು ಯಾವಾಗ, ಅದನ್ನು ಉಳಿಸಿಕೊಳ್ಳುವುದು ಹೇಗೆ

ಪ್ರಶ್ನೆ: ಮನೆಯಲ್ಲಿಯೇ ಬಿಯರ್ ತಯಾರಿಸುವುದು ನನ್ನ ಹವ್ಯಾಸ. ಬೆಚ್ಚಗೆ ಹುದುಗುವ ಏಲ್ ಬಗೆಯ ಬಿಯರುಗಳು ಇದುವರೆಗೆ ಚೆನ್ನಾಗಿಯೇ ಬಂದಿವೆ. ಈ ಬಾರಿ ಮೊದಲ ಸಲ, ತಂಪಿನಲ್ಲಿ ಹುದುಗಿಸುವ ಲಾಗರ್ ಬಗೆಯ ಬಿಯರನ್ನು 20 ಲೀಟರ್ ಮಾಡಲು ಹೊರಟೆ. ಕೋಣೆಯ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಾಕಿ, ಐಸ್ ಬಾಟಲಿಗಳನ್ನು ಬದಲಿಸುತ್ತ ಬಂದರೂ ಬಿಯರ್ 18 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಈಗ ಬಾಳೆಹಣ್ಣಿನ ವಾಸನೆ ಬರುತ್ತಿದೆ. ಬಿಯರಿಗೆಂದೇ ಇನ್ನೊಂದು ಫ್ರಿಜ್ ಇಡಲು ಜಾಗವಿಲ್ಲ. ಒಂದು ತಿಂಗಳಿಡೀ 10 ಡಿಗ್ರಿಯಲ್ಲಿ ಇಡುವುದು ಹೇಗೆ?

ಉತ್ತರ: ನಿಮ್ಮ ಕೊನೆಯ ವಾಕ್ಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಕೆಲಸ ಇಷ್ಟು ಕಷ್ಟವೆಂದು ತೋರುವುದಕ್ಕೆ ಅರ್ಧ ಕಾರಣ ಅದರಲ್ಲಿಯೇ ಇದೆ. ಲಾಗರನ್ನು ತಿಂಗಳಿಡೀ 10 ಡಿಗ್ರಿಯಲ್ಲಿ ಹಿಡಿದಿಡಬೇಕಾಗಿಲ್ಲ. ಕಟ್ಟುನಿಟ್ಟಾದ ತಂಪು ಬೇಕಾಗುವುದು ಯೀಸ್ಟ್ ಹಾಕಿದ ಮೊದಲ ನಾಲ್ಕರಿಂದ ಆರು ದಿನಗಳವರೆಗೆ. ಅದಾದ ಮೇಲೆ ಕೆಲವು ದಿನ ಬಿಯರ್ ಸ್ವಲ್ಪ ಬೆಚ್ಚಗಾಗುವುದೇ ಒಳ್ಳೆಯದು. ಕೊನೆಯದಾಗಿ ವಾರಗಟ್ಟಲೆ ಕೊರೆಯುವ ತಂಪಿನಲ್ಲಿಡುವ ಹಂತವನ್ನು ಬಾಟಲಿಗೆ ತುಂಬಿದ ಮೇಲೆ ಅಡುಗೆಮನೆಯ ಫ್ರಿಜ್ಜಿನಲ್ಲಿಯೇ ಮುಗಿಸಬಹುದು. ಆದ್ದರಿಂದ ನೀವು ನಿಜವಾಗಿ ಗೆಲ್ಲಬೇಕಾದದ್ದು ಒಂದು ವಾರವನ್ನು ಮಾತ್ರ, ಮತ್ತು ಅದು ಎರಡನೆಯ ಫ್ರಿಜ್ ಇಲ್ಲದೆಯೂ ಸಾಧ್ಯ.

ಮೊದಲ ದಿನಗಳಿಗೆ ಈ ಮಹತ್ವ ಏಕೆಂಬುದನ್ನು ತಿಳಿದರೆ ಮುಂದಿನ ನಿರ್ಧಾರಗಳೆಲ್ಲ ಸುಲಭವಾಗುತ್ತವೆ. ಲಾಗರ್ ಯೀಸ್ಟ್ ಆದ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್ ಒಂದು ಮಿಶ್ರತಳಿ. ಅದರ ಒಂದು ಮೂಲ ಏಲ್ ಮತ್ತು ಬ್ರೆಡ್ಡಿನ ಪರಿಚಿತ ಯೀಸ್ಟ್. ಇನ್ನೊಂದು, ಚಳಿಯನ್ನು ಸಹಿಸುವ ಸ್ಯಾಕರೋಮೈಸಿಸ್ ಯೂಬಯಾನಸ್ ಎಂಬ ಕಾಡುತಳಿ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡುಗಳಲ್ಲಿ ಪತ್ತೆಯಾಗಿ 2011ರಲ್ಲಿ ವಿಜ್ಞಾನಲೋಕದ ಗಮನಕ್ಕೆ ಬಂದಿತು. ಈ ಎರಡನೆಯ ಮೂಲದ ದೆಸೆಯಿಂದ ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯಲ್ಲಿ ಕೆಲಸ ಮಾಡಬಲ್ಲದು. ಮಾಡಬಲ್ಲದು ಎಂದರೆ ಅದಕ್ಕೆ ಆ ತಂಪೇ ಹಿತವೆಂದಲ್ಲ. 25 ಡಿಗ್ರಿಯಲ್ಲಿ ಅದು ಇನ್ನಷ್ಟು ಚುರುಕಾಗಿಯೇ ಬೆಳೆಯುತ್ತದೆ. ತಂಪು ಬೇಕಿರುವುದು ಯೀಸ್ಟಿಗಲ್ಲ, ನಮ್ಮ ನಾಲಿಗೆಗೆ. ಯೀಸ್ಟ್ ಕೋಶಗಳು ವಿಭಜಿಸಿ ಸಂಖ್ಯೆ ಹೆಚ್ಚಿಸಿಕೊಳ್ಳುವ ಮೊದಲ ಎರಡು ಮೂರು ದಿನಗಳಲ್ಲಿ ಉಷ್ಣಾಂಶ ಏರಿದಷ್ಟೂ ಎಸ್ಟರುಗಳೆಂಬ ಹಣ್ಣಿನ ವಾಸನೆಯ ಸಂಯುಕ್ತಗಳೂ ಕಟುವಾದ ಭಾರದ ಆಲ್ಕೊಹಾಲುಗಳೂ ಹೆಚ್ಚುತ್ತವೆ. ನಿಮ್ಮ ಬಕೆಟ್ಟಿನಿಂದ ಬಂದ ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನದು. ಕೋಶಗಳ ಬೆಳವಣಿಗೆ ನಿಂತು, ಇದ್ದ ಸಕ್ಕರೆಯನ್ನು ಹುದುಗಿಸುವ ಕೆಲಸವಷ್ಟೇ ಉಳಿದಾಗ ಇವು ಹೊಸದಾಗಿ ಹುಟ್ಟುವುದು ಬಹಳ ಕಡಿಮೆ. ಹಾಗಾಗಿ ಎರಡನೆಯ ದಿನದ 18 ಡಿಗ್ರಿ ಬಿಯರನ್ನು ಕೆಡಿಸುತ್ತದೆ, ಎಂಟನೆಯ ದಿನದ 18 ಡಿಗ್ರಿ ಅದನ್ನು ತಿದ್ದುತ್ತದೆ.

ಇನ್ನು ಶಾಖದ ಲೆಕ್ಕಕ್ಕೆ ಬರೋಣ. ಹುದುಗುವಾಗ ಯೀಸ್ಟ್ ತಾನೇ ಶಾಖವನ್ನು ಉತ್ಪಾದಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಮತ್ತು ಬಿಯರ್ ಬಿಸಿಯಾದಾಗ ಹೆಚ್ಚಿನವರು ದೂರುವುದು ಅದನ್ನೇ. ನಿಮ್ಮಂಥ 20 ಲೀಟರಿನ, 1.048 ಆರಂಭಿಕ ಸಾಂದ್ರತೆಯ (ನೀರನ್ನು 1 ಎಂದು ಹಿಡಿದರೆ) ವರ್ಟ್‌ನಲ್ಲಿ, ಅಂದರೆ ಹುದುಗುವ ಮುನ್ನದ ಮಾಲ್ಟ್ ರಸದಲ್ಲಿ, ಸುಮಾರು 2.5 ಕಿಲೋ ಕರಗಿದ ಸಾರವಿರುತ್ತದೆ, ಅದರಲ್ಲಿ 1.6 ಕಿಲೋದಷ್ಟು ಹುದುಗಿ ಹೋಗುತ್ತದೆ. ಒಂದು ಕಿಲೋ ಹುದುಗಿದರೆ ಹೊರಬೀಳುವ ಶಾಖ ಸುಮಾರು 590 ಕಿಲೋಜೂಲ್. ಅಂದರೆ ಒಟ್ಟು 900 ಕಿಲೋಜೂಲ್‌ಗಿಂತ ತುಸು ಹೆಚ್ಚು. ಒಂದಿಷ್ಟೂ ಹೊರಹೋಗದಿದ್ದರೆ ಬಿಯರನ್ನು 11 ಡಿಗ್ರಿಯಷ್ಟು ಏರಿಸಲು ಅದು ಸಾಕು, ನಿಜ. ಆದರೆ ಲಾಗರ್ ನಿಧಾನವಾಗಿ ಹುದುಗುವುದರಿಂದ ಅತ್ಯಂತ ಚುರುಕಿನ ದಿನದಲ್ಲಿಯೂ ಇದರ ಮೂರನೆಯ ಒಂದು ಪಾಲು ಮಾತ್ರ ಬಿಡುಗಡೆಯಾಗುತ್ತದೆ. ಒಂದು ದಿನದ ಮೇಲೆ ಹರಡಿ ನೋಡಿದರೆ ಅದು ಮೂರು ನಾಲ್ಕು ವ್ಯಾಟ್ ಮಾತ್ರ.

ಈಗ ಕೋಣೆಯ ಕಡೆಗೆ ನೋಡಿ. ಹೊದಿಕೆಯಿಲ್ಲದ 25 ಲೀಟರಿನ ಬಕೆಟ್ಟು 11 ಡಿಗ್ರಿಯಲ್ಲಿದ್ದು ಸುತ್ತಲಿನ ಗಾಳಿ 28 ಡಿಗ್ರಿ ಇದ್ದರೆ, ಅದರ ಮೈ ಮೂಲಕ ಒಳನುಗ್ಗುವ ಶಾಖ ಸುಮಾರು 45 ವ್ಯಾಟ್. ದಿನಕ್ಕೆ 4,000 ಕಿಲೋಜೂಲ್‌ನ ಹತ್ತಿರ. ಯೀಸ್ಟಿನ ಪಾಲಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಫ್ರೀಜರಿನಿಂದ ತೆಗೆದ ಒಂದು ಕಿಲೋ ಐಸ್, ಮೈನಸ್ 18 ಡಿಗ್ರಿಯಿಂದ ಕರಗಿ 10 ಡಿಗ್ರಿಯ ನೀರಾಗುವಷ್ಟರಲ್ಲಿ ಹೀರಿಕೊಳ್ಳುವುದು ಸುಮಾರು 410 ಕಿಲೋಜೂಲ್. ಈ ಲೆಕ್ಕದಲ್ಲಿ ನಿಮಗೆ ಪ್ರತಿದಿನ ಒಂಬತ್ತು ಹತ್ತು ಕಿಲೋ ಐಸ್ ಬೇಕಿತ್ತು. ಟಬ್ಬಿನ ಅಗಲವಾದ ಮೈಯೂ ಸೇರಿದರೆ ಇನ್ನೂ ಹೆಚ್ಚು. ಹೊದಿಕೆಯಿಲ್ಲದ ಟಬ್ಬಿಗೆ ಐಸ್ ಹಾಕುತ್ತ ಕೂರುವುದು ತೂತು ಬಿಂದಿಗೆಗೆ ನೀರು ಸುರಿದಂತೆಯೇ ಸರಿ. ಸುರಿಯುವವರ ಶ್ರದ್ಧೆಯಲ್ಲಿ ಕೊರತೆಯೇನೂ ಇಲ್ಲ, ಮೊದಲು ಮುಚ್ಚಬೇಕಾದದ್ದು ತೂತು.

ಒದ್ದೆ ಬಟ್ಟೆ ಮತ್ತು ಫ್ಯಾನಿನ ಉಪಾಯ ಏಲ್‌ಗೆ ಸಾಕಾಗುತ್ತದೆ, ಲಾಗರ್‌ಗೆ ಎಂದಿಗೂ ಸಾಲದು. ನೀರು ಆವಿಯಾಗುತ್ತ ತಂಪು ಮಾಡುವುದಕ್ಕೆ ಒಂದು ತಳಮಿತಿ ಇದೆ, ಅದನ್ನು ಗಾಳಿಯ ತೇವಾಂಶ ನಿರ್ಧರಿಸುತ್ತದೆ. 28 ಡಿಗ್ರಿಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 60 ಇದ್ದರೆ ಎಷ್ಟೇ ಗಾಳಿ ಬೀಸಿದರೂ ಒದ್ದೆ ಬಟ್ಟೆ 22 ಡಿಗ್ರಿಗಿಂತ ಕೆಳಗೆ ಇಳಿಯದು. ಶೇಕಡಾ 30ರಷ್ಟು ಒಣ ಗಾಳಿಯಲ್ಲಿಯೂ 17 ಡಿಗ್ರಿಯ ಹತ್ತಿರ ನಿಂತುಬಿಡುತ್ತದೆ. ನಿಮ್ಮ ವಿಷಯದಲ್ಲಿ ಇನ್ನೂ ಒಂದು ವಿಪರ್ಯಾಸವಿದೆ. ಐಸ್ ಹಾಕಿ ಟಬ್ಬಿನ ನೀರನ್ನು ಈ ಮಿತಿಗಿಂತ ಕೆಳಗೆ ತಂದ ಕ್ಷಣದಿಂದ ಬಟ್ಟೆ ತಂಪು ಕೊಡುವುದನ್ನು ನಿಲ್ಲಿಸಿ, ಫ್ಯಾನ್ ತಂದೊಡ್ಡುವ ಬೆಚ್ಚಗಿನ ಗಾಳಿಯ ಶಾಖವನ್ನು ಒಳಗೆ ಎಳೆದುಕೊಳ್ಳತೊಡಗುತ್ತದೆ. ಐಸ್ ಬಳಸುವಾಗ ಫ್ಯಾನ್ ನಿಮ್ಮ ವಿರುದ್ಧವೇ ದುಡಿಯುತ್ತಿತ್ತು.

ಹಾಗಾದರೆ ಮಾಡಬೇಕಾದದ್ದು ಒಂದು ಪೆಟ್ಟಿಗೆ. ಐದು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹಲಗೆಗಳಿಂದ, ಬಕೆಟ್ಟು ಮತ್ತು ಅದರ ಸುತ್ತ ಬಾಟಲಿಗಳು ಹಿಡಿಸುವಷ್ಟು ಒಳಜಾಗವಿರುವ ಪೆಟ್ಟಿಗೆಯನ್ನು ಕಟ್ಟಿದರೆ ಒಳಬರುವ ಶಾಖ 45 ವ್ಯಾಟ್‌ನಿಂದ ಸುಮಾರು 14 ವ್ಯಾಟ್‌ಗೆ ಇಳಿಯುತ್ತದೆ. ಯೀಸ್ಟಿನ ಶಾಖವನ್ನೂ ಸೇರಿಸಿಕೊಂಡರೆ ದಿನಕ್ಕೆ ಬೇಕಾಗುವುದು ಮೂರೂವರೆಯಿಂದ ನಾಲ್ಕು ಕಿಲೋ ಐಸ್; ಅಂದರೆ ಒಂದು ಲೀಟರಿನ ನಾಲ್ಕು ಬಾಟಲಿಗಳು. ಹಲಗೆಯನ್ನು ಹತ್ತು ಸೆಂಟಿಮೀಟರ್ ದಪ್ಪ ಮಾಡಿದರೆ ಈ ಪ್ರಮಾಣ ಮೂರು ಕಿಲೋದ ಒಳಗೆ ಬರುತ್ತದೆ. ಎರಡನೆಯ ಪದರದಿಂದ ಸಿಗುವ ಲಾಭ ಮೊದಲನೆಯದರಷ್ಟು ದೊಡ್ಡದಲ್ಲವಾದರೂ ಜಾಗವಿದ್ದರೆ ಅದನ್ನು ಹಾಕುವುದೇ ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಅದು ಉಳಿಸುವುದು ಐಸನ್ನಷ್ಟೇ ಅಲ್ಲ, ನಿಮ್ಮ ನಿದ್ದೆಯನ್ನೂ.

ಪೆಟ್ಟಿಗೆ ಕಟ್ಟುವಾಗ ಹಲಗೆಯ ದಪ್ಪಕ್ಕಿಂತ ಮೂಲೆಗಳ ಮೇಲೆ ಹೆಚ್ಚು ಗಮನವಿರಲಿ. ಸಂದುಗಳಿಂದ ಗಾಳಿ ಒಳಬಂದರೆ ಅದರೊಡನೆ ತೇವಾಂಶವೂ ಬಂದು ತಣ್ಣಗಿನ ಬಕೆಟ್ಟಿನ ಮೈಮೇಲೆ ಹನಿಗಟ್ಟುತ್ತದೆ. ಇದನ್ನು ಒರೆಸಿ ಮರೆತುಬಿಡುವ ಸಣ್ಣ ವಿಷಯವೆಂದು ಭಾವಿಸಬೇಡಿ. ಆವಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. 100 ಮಿಲಿಲೀಟರ್ ನೀರು ಹನಿಗಟ್ಟಿದರೆ 245 ಕಿಲೋಜೂಲ್, ಎಂದರೆ ಅರ್ಧ ಕಿಲೋಗೂ ಹೆಚ್ಚು ಐಸಿನ ಶ್ರಮ ವ್ಯರ್ಥ. ಆದ್ದರಿಂದ ಪ್ರತಿಯೊಂದು ಸಂದನ್ನೂ ಅಗಲವಾದ ಟೇಪಿನಿಂದ ಒಳಗೂ ಹೊರಗೂ ಮುಚ್ಚಿ, ಮುಚ್ಚಳ ಕೂರುವ ಅಂಚಿಗೆ ಬಾಗಿಲುಗಳಿಗೆ ಅಂಟಿಸುವ ಮೆತ್ತನೆಯ ಫೋಮ್ ಪಟ್ಟಿಯನ್ನು ಹಾಕಿ. ತಳಕ್ಕೂ ಹಲಗೆ ಇರಲೇಬೇಕು. ನೆಲದ ಮೂಲಕವೂ ಶಾಖ ಬರುತ್ತದೆ. ಭಾರ ಹೊರಬೇಕಾದ ತಳಕ್ಕೆ, ಸಿಕ್ಕರೆ, ಹೆಚ್ಚು ಗಟ್ಟಿಯಾದ ಎಕ್ಸ್‌ಟ್ರೂಡೆಡ್ ಫೋಮ್ ಹಲಗೆಯನ್ನು ಬಳಸಿ.

ಪೆಟ್ಟಿಗೆಯೊಳಗೆ ಗಾಳಿಯಿರಬೇಕೋ ನೀರಿರಬೇಕೋ ಎಂಬುದು ಮುಂದಿನ ಪ್ರಶ್ನೆ. ನೀರೇ ಇರಲಿ ಎನ್ನುತ್ತೇನೆ. ಬಕೆಟ್ಟು ಕೂರುವಂಥ ಟಬ್ಬನ್ನು ಪೆಟ್ಟಿಗೆಯೊಳಗಿಟ್ಟು, ಬಿಯರಿನ ಮಟ್ಟದ ಅರ್ಧಕ್ಕಿಂತ ಮೇಲೆ ಬರುವಷ್ಟು, ಸುಮಾರು 20 ಲೀಟರ್ ನೀರು ತುಂಬಿಸಿ. ನೀರು ಗಾಳಿಗಿಂತ ಎಷ್ಟೋ ಚೆನ್ನಾಗಿ ಬಕೆಟ್ಟಿನ ಶಾಖವನ್ನು ಐಸಿಗೆ ಒಯ್ಯುತ್ತದೆ. ಅದರ ಜೊತೆಗೆ ತಣ್ಣಗಿರಬೇಕಾದ ಒಟ್ಟು ದ್ರವ ದುಪ್ಪಟ್ಟಾಗುವುದರಿಂದ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ತುಂಬಿದ ಮೇಲೆ 45 ಕಿಲೋಗಿಂತ ಹೆಚ್ಚು ತೂಗುವ ಇದನ್ನು ಸರಿಸುವುದು ಕಷ್ಟ. ಬಿಸಿಲು ಬೀಳದ, ಒಲೆಯಿಂದ ದೂರದ ಜಾಗವನ್ನು ಮೊದಲೇ ಆರಿಸಿಕೊಳ್ಳಿ.

ಐಸ್ ಹಾಕುವುದರಲ್ಲಿಯೂ ಒಂದು ಕ್ರಮವಿದೆ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗಳೇ ಸರಿಯಾದ ಅಳತೆ. ಎರಡು ಲೀಟರಿನವು ಪೂರ್ತಿ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತವೆ. ಗಟ್ಟಿಯಾಗುವಾಗ ನೀರು ಶೇಕಡಾ 9ರಷ್ಟು ಹಿಗ್ಗುವುದರಿಂದ ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿಸಬೇಡಿ. ಎಂಟು ಬಾಟಲಿಗಳಿದ್ದರೆ ನಾಲ್ಕು ಪೆಟ್ಟಿಗೆಯಲ್ಲಿ, ನಾಲ್ಕು ಫ್ರೀಜರಿನಲ್ಲಿ ಎಂಬಂತೆ ಸರದಿ ನಡೆಸಬಹುದು. ಒಂದು ಬಾಟಲಿ ಕರಗಿದರೆ 20 ಲೀಟರ್ ಬಿಯರ್ ಮತ್ತು 20 ಲೀಟರ್ ನೀರನ್ನು ಒಟ್ಟಾಗಿ ಎರಡೂವರೆ ಡಿಗ್ರಿಯಷ್ಟು ಇಳಿಸಬಲ್ಲದು. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಹಾಕಬೇಡಿ. ಬೆಳಿಗ್ಗೆ ಒಂದು, ಸಂಜೆ ಒಂದು, ಮಲಗುವ ಮುನ್ನ ಎರಡು ಎಂಬ ಲೆಕ್ಕದಿಂದ ಆರಂಭಿಸಿ, ಒಂದು ದಿನದ ಥರ್ಮಾಮೀಟರ್ ಓದನ್ನು ನೋಡಿಕೊಂಡು ತಿದ್ದಿಕೊಳ್ಳಿ. ಒಂದು ಡಿಗ್ರಿ ಅತ್ತಿತ್ತ ಆದರೆ ಚಿಂತಿಸಬೇಕಾಗಿಲ್ಲ. ಥಟ್ಟನೆ ನಾಲ್ಕೈದು ಡಿಗ್ರಿ ಇಳಿದರೆ ಮಾತ್ರ ಯೀಸ್ಟ್ ತಳಕ್ಕೆ ಕುಳಿತು ಕೆಲಸ ನಿಲ್ಲಿಸುವ ಅಪಾಯವಿದೆ.

ಅಂದಹಾಗೆ, ಇದು ಹೊಸ ಸಾಹಸವೇನೂ ಅಲ್ಲ. ಜರ್ಮನಿಯ ಬವೇರಿಯಾದಲ್ಲಿ 1553ರ ರಾಜಾಜ್ಞೆ ಬೆಚ್ಚಗಿನ ತಿಂಗಳುಗಳಲ್ಲಿ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸುವುದನ್ನೇ ನಿಷೇಧಿಸಿತ್ತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರ ಬರುವವರೆಗೆ ಲಾಗರ್ ತಯಾರಕರೆಲ್ಲರೂ ನೆಲಮಾಳಿಗೆಗಳನ್ನೂ ಚಳಿಗಾಲದಲ್ಲಿ ಕೆರೆಗಳಿಂದ ಕಡಿದು ತಂದ ಮಂಜುಗಡ್ಡೆಯನ್ನೂ ನಂಬಿಕೊಂಡಿದ್ದರು. ಅವರ ಉಪಾಯದಲ್ಲಿಯೂ ದಪ್ಪನೆಯ ಗೋಡೆ ಮೊದಲು, ಮಂಜುಗಡ್ಡೆ ಆಮೇಲೆ.

ಉಷ್ಣಾಂಶವನ್ನು ಎಲ್ಲಿ ಅಳೆಯುತ್ತೀರಿ ಎಂಬುದು ಅಳತೆಯಷ್ಟೇ ಮುಖ್ಯ. ಪೆಟ್ಟಿಗೆಯ ಗಾಳಿಯದಾಗಲಿ ಟಬ್ಬಿನ ನೀರಿನದಾಗಲಿ ಬಿಯರಿನ ಉಷ್ಣಾಂಶವಲ್ಲ. ಹುದುಗುವಿಕೆ ಜೋರಾಗಿರುವಾಗ ಬಕೆಟ್ಟಿನ ನಡುಭಾಗ ಹೊರಗಿನ ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರಬಹುದು. ಮುಚ್ಚಳದ ಮೂಲಕ ಬಿಯರಿನೊಳಕ್ಕೆ ಇಳಿಬಿಡುವ ಸ್ಟೀಲ್ ಕೊಳವೆ ಇದ್ದರೆ ಅದರೊಳಗೆ ಥರ್ಮಾಮೀಟರಿನ ಪ್ರೋಬನ್ನು (ತಂತಿಯ ತುದಿಯಲ್ಲಿರುವ, ಉಷ್ಣಾಂಶ ಅಳೆಯುವ ಭಾಗ) ಇಡಿ. ಇಲ್ಲದಿದ್ದರೆ ನೀರಿನ ಮಟ್ಟಕ್ಕಿಂತ ಮೇಲೆ, ಆದರೆ ಬಿಯರಿನ ಮಟ್ಟಕ್ಕಿಂತ ಕೆಳಗೆ, ಬಕೆಟ್ಟಿನ ಹೊರಮೈಗೆ ಪ್ರೋಬನ್ನು ಒತ್ತಿಹಿಡಿದು, ಅದರ ಮೇಲೆ ಫೋಮ್ ತುಂಡನ್ನಿಟ್ಟು ಟೇಪು ಸುತ್ತಿದರೆ ಓದು ನಂಬಲರ್ಹವಾಗಿರುತ್ತದೆ. ಬಳಸುವ ಮುನ್ನ ಪುಡಿಮಾಡಿದ ಐಸ್ ಮತ್ತು ನೀರಿನ ಮಿಶ್ರಣದಲ್ಲಿ ಪ್ರೋಬನ್ನಿಟ್ಟು ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ.

ಪೆಟ್ಟಿಗೆಯ ಎಲ್ಲ ಶ್ರಮವನ್ನೂ ಹಾಳುಮಾಡಬಲ್ಲ ತಪ್ಪೊಂದಿದೆ: 25 ಡಿಗ್ರಿಯ ವರ್ಟ್‌ಗೆ ಯೀಸ್ಟ್ ಹಾಕಿ, ಆಮೇಲೆ ತಣ್ಣಗಾಗಲಿ ಎಂದು ಬಿಡುವುದು. ಅಷ್ಟು ದ್ರವ 10 ಡಿಗ್ರಿಗೆ ಇಳಿಯುವಷ್ಟರಲ್ಲಿ ಬೆಳವಣಿಗೆಯ ಹಂತದ ದೊಡ್ಡ ಭಾಗ ಬಿಸಿಯಲ್ಲಿಯೇ ಕಳೆದುಹೋಗಿರುತ್ತದೆ. ಮೊದಲು ವರ್ಟ್ 9 ಅಥವಾ 10 ಡಿಗ್ರಿಗೆ ಇಳಿಯಬೇಕು, ಯೀಸ್ಟ್ ಆಮೇಲೆ. ಕುದಿಸಿದ ವರ್ಟನ್ನು ನಲ್ಲಿ ನೀರಿನ ಸುರುಳಿಕೊಳವೆಯಿಂದ ತಣಿಸಿದರೆ ಅದು ನಲ್ಲಿ ನೀರಿಗಿಂತ ಒಂದೆರಡು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ, ಐಸ್ ತುಂಬಿದ ನೀರನ್ನು ಸಣ್ಣ ಪಂಪಿನಿಂದ ಅದೇ ಸುರುಳಿಯಲ್ಲಿ ಹಾಯಿಸಬೇಕು. 30ರಿಂದ 10 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ ನಾಲ್ಕು ಕಿಲೋ ಐಸ್ ಸಾಕು, ವಾಸ್ತವದಲ್ಲಿ ಆರೇಳು ಕಿಲೋ ಇಟ್ಟುಕೊಳ್ಳುವುದು ಕ್ಷೇಮ. ಪಂಪ್ ಇಲ್ಲದಿದ್ದರೆ ಚೆನ್ನಾಗಿ ಸ್ಯಾನಿಟೈಸ್ ಮಾಡಿದ ಬಕೆಟ್ಟಿಗೆ ವರ್ಟ್ ತುಂಬಿ ಭದ್ರವಾಗಿ ಮುಚ್ಚಿ, ಐಸ್ ಇರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟು, ಮರುದಿನ ಬೆಳಿಗ್ಗೆ ಯೀಸ್ಟ್ ಹಾಕಿ. ಸ್ವಚ್ಛತೆ ಸರಿಯಾಗಿದ್ದರೆ ಈ ಹನ್ನೆರಡು ಗಂಟೆಗಳ ವಿಳಂಬದಿಂದ ಕೇಡಿಲ್ಲ. ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ಅನಿಲ ಹೊರಹೋಗಲೆಂದು ಮುಚ್ಚಳಕ್ಕೆ ಸಿಕ್ಕಿಸುವ ನೀರು ತುಂಬಿದ ಕೊಳವೆಯಾದ ಏರ್‌ಲಾಕಿನ ನೀರನ್ನು ಒಳಗೆ ಎಳೆದುಕೊಳ್ಳುವುದುಂಟು. ಆ ರಾತ್ರಿ ಏರ್‌ಲಾಕಿನ ಬದಲು ಗಟ್ಟಿ ಬಿರಡೆ ಹಾಕಿಡಿ.

ಯೀಸ್ಟಿನ ಪ್ರಮಾಣದಲ್ಲಿ ಜಿಪುಣತನ ಬೇಡ. ತಂಪಿನಲ್ಲಿ ಕೋಶಗಳು ನಿಧಾನವಾಗಿ ಬೆಳೆಯುವುದರಿಂದ ಲಾಗರ್‌ಗೆ ಏಲಿನ ಎರಡರಷ್ಟು ಯೀಸ್ಟ್ ಬೇಕು. ಸಾಮಾನ್ಯ ಲೆಕ್ಕದಂತೆ ನಿಮ್ಮ 20 ಲೀಟರಿಗೆ ಸುಮಾರು 36,000 ಕೋಟಿ ಕೋಶಗಳು. ಒಣ ಯೀಸ್ಟ್ ಆದರೆ 11.5 ಗ್ರಾಮಿನ ಎರಡು ಪೊಟ್ಟಣಗಳು. 10 ಡಿಗ್ರಿಗಿಂತ ಕೆಳಗೆ ಆರಂಭಿಸುವುದಾದರೆ ಮೂರು. ಒಂದೇ ಪೊಟ್ಟಣ ಹಾಕಿ ಎರಡು ದಿನ ಗುಳ್ಳೆ ಕಾಣದಿದ್ದಾಗ ಹೆದರಿ ಬಕೆಟ್ಟನ್ನು ಬೆಚ್ಚಗಿನ ಜಾಗಕ್ಕೆ ಎತ್ತಿಡುವುದು ಲಾಗರ್ ಕೆಡುವ ಅತಿ ಸಾಮಾನ್ಯವಾದ ದಾರಿ. ತಕ್ಕಷ್ಟು ಯೀಸ್ಟ್ ಹಾಕಿದ್ದರೂ ಒಂದೂವರೆ ದಿನ ಮೌನವಾಗಿರುವುದು ಸಹಜ. ದ್ರವ ಯೀಸ್ಟ್ ಬಳಸುವವರು ವರ್ಟ್‌ಗೆ ಆಮ್ಲಜನಕವನ್ನೂ ಚೆನ್ನಾಗಿ ಬೆರೆಸಬೇಕು. ಒಣ ಯೀಸ್ಟಿಗೆ ಅದರ ಅಗತ್ಯ ಅಷ್ಟಿಲ್ಲ.

ಹೀಗೆ 10ರಿಂದ 12 ಡಿಗ್ರಿಯ ನಡುವೆ ಹಿಡಿದಿಟ್ಟರೆ ನಾಲ್ಕನೆಯ ದಿನದಿಂದ, ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ನೋಡತೊಡಗಿ. ಮಾದರಿಯನ್ನು 20 ಡಿಗ್ರಿಗೆ ಬೆಚ್ಚಗಾಗಲು ಬಿಟ್ಟು ಓದಬೇಕು. ತಣ್ಣಗಿನ ಬಿಯರಿನಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸಾಂದ್ರತೆ 1.048ರಿಂದ 1.028ರ ಕೆಳಗೆ ಬಂದಿತೆಂದರೆ ಇಳಿಯಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿದೆ, ಕೋಶಗಳ ಬೆಳವಣಿಗೆ ಮುಗಿದಿದೆ. ಇಲ್ಲಿಂದ ಮುಂದೆ ನಿಮ್ಮ ಬೆಚ್ಚಗಿನ ಕೋಣೆಯೇ ನಿಮಗೆ ಸಹಾಯಕ. ಐಸ್ ಹಾಕುವುದನ್ನು ನಿಲ್ಲಿಸಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಯರ್ ಒಂದು ದಿನಕ್ಕೆ ಆರೇಳು ಡಿಗ್ರಿಯಂತೆ ತಾನೇ ಏರುತ್ತದೆ. 17 ಅಥವಾ 18 ಡಿಗ್ರಿ ತಲುಪಿದಾಗ ದಿನಕ್ಕೆರಡು ಬಾಟಲಿ ಹಾಕಿ ಅಲ್ಲಿಯೇ ಹಿಡಿಯಿರಿ.

ಈ ಬೆಚ್ಚಗಿನ ವಿರಾಮದ ಉದ್ದೇಶ ಡಯಾಸಿಟೈಲ್ ಎಂಬ, ಬೆಣ್ಣೆಯ ವಾಸನೆಯ ಸಂಯುಕ್ತವನ್ನು ಕಳೆಯುವುದು. ಯೀಸ್ಟ್ ಹೊರಬಿಟ್ಟ ಒಂದು ಪೂರ್ವವಸ್ತು ಬಿಯರಿನಲ್ಲಿ ನಿಧಾನವಾಗಿ ಡಯಾಸಿಟೈಲ್ ಆಗಿ ಮಾರ್ಪಡುತ್ತದೆ, ಯೀಸ್ಟ್ ಅದನ್ನು ಮತ್ತೆ ಹೀರಿಕೊಂಡು ವಾಸನೆಯಿಲ್ಲದ ರೂಪಕ್ಕೆ ತರುತ್ತದೆ. ಎರಡೂ ಕ್ರಿಯೆಗಳು ಬೆಚ್ಚಗಿದ್ದಾಗ ಬೇಗ ಸಾಗುತ್ತವೆ. ಮುಗಿಯಿತೇ ಎಂದು ತಿಳಿಯಲು ಸರಳ ಪರೀಕ್ಷೆಯಿದೆ. ಎರಡು ಲೋಟಗಳಲ್ಲಿ ಸ್ವಲ್ಪ ಬಿಯರ್ ತೆಗೆದು, ಒಂದನ್ನು ಮುಚ್ಚಿ 60ರಿಂದ 70 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ, ಎರಡನ್ನೂ ಮೂಸಿ ನೋಡಿ. ಬಿಸಿಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಬಂದರೆ ಪೂರ್ವವಸ್ತು ಇನ್ನೂ ಉಳಿದಿದೆ. ಎರಡು ದಿನ ಕಾಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿಯಾಗಬೇಡಿ. ಲಾಗರ್ ಯೀಸ್ಟಿಗೆ ಅದು ಸಹಜ, ಹೊರಬರುವ ಅನಿಲದೊಡನೆ ಹೋಗುತ್ತದೆ.

ಸಾಂದ್ರತೆ 1.011ರ ಸುತ್ತ ಬಂದು ಮೂರು ದಿನ ಒಂದೇ ಸಮ ನಿಂತ ಮೇಲೆ ಬಾಟಲಿಗೆ ತುಂಬಿಸಿ. ಬಾಟಲಿಯೊಳಗೆ ಅನಿಲ ತುಂಬಲು 20 ಲೀಟರಿಗೆ ಸುಮಾರು 125 ಗ್ರಾಂ ಸಾಮಾನ್ಯ ಸಕ್ಕರೆ ಸಾಕು. ಬಿಯರ್ 18 ಡಿಗ್ರಿಯವರೆಗೆ ಏರಿದ್ದರಿಂದ ಅದರಲ್ಲಿ ಕರಗಿ ಉಳಿದಿರುವ ಅನಿಲ ಕಡಿಮೆ ಎಂಬುದನ್ನು ಈ ಲೆಕ್ಕದಲ್ಲಿ ಹಿಡಿದಿದ್ದೇನೆ. ತಣ್ಣಗೇ ಉಳಿದ ಬಿಯರಿಗೆ ಇಷ್ಟು ಹಾಕಬಾರದು. ಒತ್ತಡ ತಡೆಯುವ ಬಾಟಲಿಗಳನ್ನು ಒಂದೆರಡು ವಾರ ಕೋಣೆಯಲ್ಲಿಯೇ, ಕತ್ತಲಿನಲ್ಲಿ ಇಟ್ಟು, ಒಂದನ್ನು ತೆರೆದು ಅನಿಲ ತುಂಬಿದೆಯೆಂದು ಖಾತ್ರಿಯಾದ ಮೇಲೆ ಉಳಿದವನ್ನು ಫ್ರಿಜ್ಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿ ಮೂರು ನಾಲ್ಕು ವಾರ ನಿಲ್ಲಿಸಿಡಿ. ಬಕೆಟ್ಟು ಹಿಡಿಸದ ಫ್ರಿಜ್ಜಿನಲ್ಲಿ ಬಾಟಲಿಗಳು ಹಿಡಿಸುತ್ತವೆ. ಎಲ್ಲವೂ ಒಟ್ಟಿಗೆ ಹಿಡಿಸದಿದ್ದರೆ ಕಂತುಗಳಲ್ಲಿ ಇಡಬಹುದು.

ಪೆಟ್ಟಿಗೆಯ ಗೋಜೇ ಬೇಡವೆನ್ನುವವರಿಗೆ ಬೇರೆ ದಾರಿಗಳೂ ಇವೆ. ಅವುಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ಯೀಸ್ಟಿನ ಆಯ್ಕೆಯ ಮೇಲೆ. ಡಬ್ಲ್ಯೂ-34/70 ಎಂಬ ಪ್ರಸಿದ್ಧ ಲಾಗರ್ ತಳಿ ತುಸು ಬಿಸಿಯನ್ನು ಇತರ ತಳಿಗಳಿಗಿಂತ ಚೆನ್ನಾಗಿ ಸಹಿಸುತ್ತದೆ. ಅದರಿಂದ 15 ಡಿಗ್ರಿಯಲ್ಲಿಯೂ ಶುಚಿಯಾದ ಬಿಯರ್ ಬರುತ್ತದೆ. ಗುರಿ 11ರ ಬದಲು 15 ಆದರೆ ಕೋಣೆಯೊಂದಿಗಿನ ಅಂತರ 17ರಿಂದ 13 ಡಿಗ್ರಿಗೆ ಇಳಿದು, ಐಸಿನಲ್ಲಿ ಸುಮಾರು ಕಾಲು ಭಾಗ ಉಳಿತಾಯವಾಗುತ್ತದೆ. ಮೊದಲ ಪ್ರಯತ್ನಕ್ಕೆ ಇದನ್ನೇ ಸೂಚಿಸುತ್ತೇನೆ. ಕೋಣೆಗೆ ಏರ್ ಕಂಡೀಷನರ್ ಇದ್ದರೆ ಅದು ಸಾಮಾನ್ಯವಾಗಿ 16 ಡಿಗ್ರಿಗಿಂತ ಕೆಳಗೆ ಹೋಗದು, ಆದರೂ ಪೆಟ್ಟಿಗೆಯ ಭಾರವನ್ನು ಬಹುಮಟ್ಟಿಗೆ ಇಳಿಸುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್‌ನಷ್ಟು ಹೆಚ್ಚಿನ ಒತ್ತಡದಲ್ಲಿ ಹುದುಗಿಸಿದರೆ ಎಸ್ಟರುಗಳು ಹತ್ತಿಕ್ಕಲ್ಪಟ್ಟು 18, 20 ಡಿಗ್ರಿಯಲ್ಲಿಯೂ ಲಾಗರ್ ಸಾಧ್ಯ. ಅದಕ್ಕೆ ಒತ್ತಡಕ್ಕೆಂದೇ ಮಾಡಿದ ಪಾತ್ರೆ ಮತ್ತು ಒತ್ತಡ ಬಿಡುವ ವಾಲ್ವ್ ಕಡ್ಡಾಯ, ಗಾಜಿನ ಪಾತ್ರೆಯಲ್ಲಾಗಲಿ ಸಾಮಾನ್ಯ ಬಕೆಟ್ಟಿನಲ್ಲಾಗಲಿ ಎಂದಿಗೂ ಮಾಡಬಾರದು. ನಾರ್ವೆಯ ಕ್ವೈಕ್ ಯೀಸ್ಟುಗಳಲ್ಲಿ ಕೆಲವು 28 ಡಿಗ್ರಿಯಲ್ಲಿಯೂ ಶುಚಿಯಾಗಿ ಹುದುಗುತ್ತವೆ. ಅದರಿಂದ ಬರುವುದು ಲಾಗರ್ ಅಲ್ಲ, ಲಾಗರನ್ನು ಹೋಲುವ ಒಳ್ಳೆಯ ಬಿಯರ್. ಕಂಪ್ರೆಸರ್ ಇಲ್ಲದೆ ವಿದ್ಯುತ್ತಿನಿಂದಲೇ ತಂಪು ಮಾಡುವ ಪೆಲ್ಟಿಯರ್ ತಂಪುಕಾರಕಗಳು ಒಳಗಿನ ಶಾಖದ ಜೊತೆಗೆ ತಾವು ಬಳಸಿದ ವಿದ್ಯುತ್ತಿನ ಶಾಖವನ್ನೂ ಹೊರಹಾಕಬೇಕಾದುದರಿಂದ ಇಷ್ಟು ಬಿಸಿಯ ಕೋಣೆಯಲ್ಲಿ ಏದುಸಿರು ಬಿಡುತ್ತವೆ, ಹಣ ಹಾಕಬೇಡಿ.

ಮುಂದೆಂದಾದರೂ ಜಾಗ ಸಿಕ್ಕಿದರೆ ಹಳೆಯ ಫ್ರಿಜ್ ಅಥವಾ ಮೇಲ್ಮುಚ್ಚಳದ ಫ್ರೀಜರಿಗೆ ಹೊರಗಿನಿಂದ ಜೋಡಿಸುವ ತಾಪಮಾನ ಕಂಟ್ರೋಲರ್ ಎಲ್ಲ ಐಸಿನ ಕೆಲಸವನ್ನೂ ತೆಗೆದುಹಾಕುತ್ತದೆ. ಪ್ರೋಬ್ ಬಕೆಟ್ಟಿನ ಮೈಗೆ ಅಂಟಿರಲಿ, ಗುರಿಗಿಂತ ಅರ್ಧ ಡಿಗ್ರಿ ಏರಿದಾಗ ಫ್ರಿಜ್ ಚಾಲೂ ಆಗುವಂತಿರಲಿ, ಕಂಪ್ರೆಸರ್ ಮತ್ತೆ ಚಾಲೂ ಆಗುವ ಮುನ್ನ ಐದು ನಿಮಿಷ ಕಾಯುವಂತೆ ಹೊಂದಿಸಿ. ಮೇಲ್ಮುಚ್ಚಳದ ಫ್ರೀಜರಾಗಲಿ ಥರ್ಮೋಕೋಲ್ ಪೆಟ್ಟಿಗೆಯಾಗಲಿ, ಒಂದು ಎಚ್ಚರಿಕೆ ಎರಡಕ್ಕೂ ಸಲ್ಲುತ್ತದೆ: 20 ಲೀಟರ್ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಗಿಂತ ಭಾರವಾದ ಅದು ತಳದಲ್ಲಿ ನಿಲ್ಲುವುದರಿಂದ ಮುಚ್ಚಳ ತೆಗೆದ ತಕ್ಷಣ ತಲೆಯನ್ನು ಒಳಗೆ ಬಗ್ಗಿಸಬೇಡಿ, ಕಿಟಕಿಯನ್ನು ತೆರೆದಿಡಿ.

ಈಗ ಬಾಳೆಹಣ್ಣಿನ ವಾಸನೆ ಬಂದಿರುವ ಬಿಯರಿನ ವಿಷಯ. ಹುಟ್ಟಿದ ಎಸ್ಟರುಗಳನ್ನು ತಂಪಿನಲ್ಲಿಟ್ಟು ತೆಗೆಯಲಾಗದು. ಇಷ್ಟು ಹೊತ್ತಾದ ಮೇಲೆ ಅದನ್ನು 10 ಡಿಗ್ರಿಗೆ ಇಳಿಸಲು ಹೆಣಗಿದರೆ ಹುದುಗುವಿಕೆ ಅರ್ಧಕ್ಕೆ ನಿಂತು ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. 18 ಡಿಗ್ರಿಯಲ್ಲಿಯೇ ಪೂರ್ತಿಯಾಗಲು ಬಿಡಿ, ಏಲ್ ಎಂದು ಭಾವಿಸಿ ಕುಡಿಯಿರಿ. ಹುಳಿ ಅಥವಾ ಬೂಸು ಇಲ್ಲದಿದ್ದರೆ ಚೆಲ್ಲುವ ಅಗತ್ಯವಿಲ್ಲ. ಬಾಟಲಿಗೆ ತುಂಬಿದ ಮೇಲೆ ತಳದಲ್ಲಿ ಉಳಿಯುವ ಯೀಸ್ಟಿನ ಗಸಿಯನ್ನು ಮಾತ್ರ ಎಸೆಯಬೇಡಿ. ಬಿಸಿಯಲ್ಲಿ ಹುದುಗಿದ್ದರಿಂದ ಯೀಸ್ಟಿನ ಗುಣವೇನೂ ಬದಲಾಗಿಲ್ಲ. ಸ್ಯಾನಿಟೈಸ್ ಮಾಡಿದ ಜಾಡಿಗೆ ಅದನ್ನು ಹಾಕಿ, ಮುಚ್ಚಳವನ್ನು ಸಡಿಲವಾಗಿಟ್ಟು, ಫ್ರಿಜ್ಜಿನಲ್ಲಿಡಿ. ಗಟ್ಟಿಯಾದ ಗಸಿಯ ಒಂದು ಮಿಲಿಲೀಟರಿನಲ್ಲಿ ನೂರು ಕೋಟಿಯ ಆಸುಪಾಸಿನಷ್ಟು ಕೋಶಗಳಿರುವುದರಿಂದ, ಜೊತೆಗೆ ಸೇರಿದ ಕಸರನ್ನೂ ಲೆಕ್ಕಕ್ಕೆ ಹಿಡಿದು, 400 ಮಿಲಿಲೀಟರ್ ಇಟ್ಟುಕೊಂಡರೆ ಮುಂದಿನ 20 ಲೀಟರಿಗೆ ಬೇಕಾದಷ್ಟು ಯೀಸ್ಟ್ ಅದರಲ್ಲಿಯೇ ಸಿಗುತ್ತದೆ. ಒಂದೆರಡು ವಾರದೊಳಗೆ ಪೆಟ್ಟಿಗೆ ಸಿದ್ಧಮಾಡಿಕೊಂಡು, ವರ್ಟ್ 10 ಡಿಗ್ರಿಗೆ ಇಳಿದ ಮೇಲೆ, ಗಸಿಯ ಮೇಲೆ ನಿಂತ ಬಿಯರನ್ನು ಬಸಿದು ಅದನ್ನು ಹಾಕಿ.